ಸೊಪ್ಪು ಹಿಂಡಿ ಅಂತ ಒಂದು ಮಾತು ಬರೀಬೇಕಿತ್ತು

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪುರವಣಿಲಿ ‘ಚೀಸ್ ಸೊಪ್ಪಿನ ಕ್ರೊಸ್ಟೀನಿ’ ಅಂತ ಒಂದು ಸ್ಟಾರ್ಟರ್ ರೆಸಿಪಿ ಬಂದಿತ್ತಲ್ಲ, ಸುಟ್ಟ ಬ್ರೆಡ್ ತುಂಡಿನ ಮೇಲೆ ಸೊಪ್ಪು ಚೀಸ್ ಇಟ್ಟು ಕೊಡೋ ಇಟಲಿ ತಿಂಡಿ, ಅದರ ಬಗ್ಗೆ ಈ ಪತ್ರ. ನಾನು ಪೇಪರ್‌ಗೆಲ್ಲ ಬರೆಯೋಳಲ್ಲ, ಓದಿ ಮಡಚಿ ರದ್ದಿಗೆ ಹಾಕೋಳು, ಆದ್ರೆ ಈ ಸಲ ನಮ್ಮ ಮನೆಯೋರಿಗೇ ಅನಾಹುತ ಆಯ್ತು ನೋಡಿ, ಅದಕ್ಕೆ ಕೂತ್ಕೊಂಡು ಬರೀತಿದೀನಿ. ಉದ್ದ ಆಗುತ್ತೆ, ನಿಮಗೆ ಜಾಗ ಇಲ್ಲದಿದ್ರೆ ಎಲ್ಲಿ ಬೇಕಾದ್ರೂ ಕತ್ತರಿಸ್ಕೊಳ್ಳಿ, ಪಾರ್ಮೆಸಾನ್ ಚೀಸಿನ ವಿಷಯ ಒಂದು ಮಾತ್ರ ಬಿಡ್ಬೇಡಿ.

ನನ್ನ ವಾರಗಿತ್ತಿ ಮಂಡ್ಯದಲ್ಲಿದಾಳೆ. ಮಗನ ಹುಟ್ಟಿದಹಬ್ಬ, ಅವನ ಫ್ರೆಂಡ್ಸು, ಅವರ ಅಪ್ಪ ಅಮ್ಮ, ಅಕ್ಕಪಕ್ಕದವರು ಅಂತ 30 ಜನ ಸೇರೋದಿತ್ತು. ಪ್ರತಿ ಸಲ ಬೋಂಡಾ, ಚಿಪ್ಸು, ಕೇಕು ಇದೇ ಆಯ್ತು ಈ ಸಲ ಏನಾದ್ರೂ ಹೊಸದು ಮಾಡ್ತೀನಿ ಅಂತ ನಿಮ್ಮ ರೆಸಿಪಿ ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸ್ಕೊಂಡು 60 ತುಂಡು ಮಾಡಿದ್ಲು. ಪಾಪ, ಒಂದಕ್ಷರ ಆಚೀಚೆ ಮಾಡಿಲ್ಲ. ಬ್ರೆಡ್ ಟೋಸ್ಟ್ ಮಾಡಿ ಅಂದಿದ್ರಿ ಮಾಡಿದ್ಲು, ಪಾಲಕ್ ಹೆಚ್ಚಿ ಬೆಣ್ಣೆಲಿ ಎರಡು ನಿಮಿಷ ಬಾಡಿಸಿ ರಿಕೋಟಾ ಅನ್ನೋ ಮೆತ್ತನೆ ಚೀಸ್ ಜೊತೆ ಕಲಸಿ ಅಂದಿದ್ರಿ ಕಲಸಿದ್ಲು, ಬ್ರೆಡ್ ಮೇಲೆ ಹರಡಿ ಚೀಸ್ ಕರಗೋವರೆಗೂ ಓವನ್‌ನಲ್ಲಿಡಿ ಅಂದಿದ್ರಿ ಇಟ್ಲು. ಜನ ಬರೋದು ಆರಕ್ಕೆ, ಇವಳು ನಾಲ್ಕೂವರೆಗೆಲ್ಲ ಮುಗಿಸಿ ತಟ್ಟೆಲಿ ಜೋಡಿಸಿ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಿದ್ಲಂತೆ. ಐದೂವರೆಗೆ ಫೋನು. “ಅಕ್ಕಾ, ಬ್ರೆಡ್ಡೆಲ್ಲ ಒದ್ದೆ ಬಟ್ಟೆ ಥರ ಆಗೋಗಿದೆ, ಎತ್ತಿದ್ರೆ ಮಧ್ಯಕ್ಕೆ ಬಗ್ಗಿ ಸೊಪ್ಪು ತಟ್ಟೆಗೆ ಬೀಳ್ತಿದೆ, ನೀವು ಇಟಲೀಲಿ ಇದ್ದು ಬಂದಿದೀರಲ್ಲ ಏನಾದ್ರೂ ಹೇಳಿ, ಅರ್ಧ ಗಂಟೆಲಿ ಜನ ಬರ್ತಾರೆ.” ಅರ್ಧ ಗಂಟೆಲಿ ನಾನು ಮೈಸೂರಿಂದ ಏನು ಹೇಳ್ಲಿ? ಎಲ್ಲಾ ಒಟ್ಟಿಗೆ ಹಿಸುಕಿ ಕಡ್ಲೆಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ವಡೆ ಥರ ತಟ್ಟಿ ಕರಿ ಅಂದೆ. ಕರಿದ್ಲು, ಬಂದೋರು ಚೆನ್ನಾಗಿದೆ ಅಂದ್ರಂತೆ, ರೆಸಿಪಿ ಬೇರೆ ಕೇಳಿದ್ರಂತೆ. ಬೋಂಡಾ ಬೇಡ ಅಂತ ಹೊರಟೋಳು ಕೊನೆಗೆ ಬಾಣಲೆ ಮುಂದೆಯೇ ಬಂದು ನಿಂತ್ಲು.

ಈಗ ಎಲ್ಲಿ ತಪ್ಪಾಯ್ತು ಅಂತ ಹೇಳ್ತೀನಿ. ನಿಮ್ಮ ರೆಸಿಪಿಲಿ ಎಲ್ಲಾ ಇತ್ತು, ನೀರು ತೆಗೆಯೋ ಮಾತೊಂದೇ ಇರ್ಲಿಲ್ಲ. 100 ಗ್ರಾಂ ಪಾಲಕ್‌ನಲ್ಲಿ 90 ಗ್ರಾಂಗಿಂತ ಜಾಸ್ತಿ ನೀರೇ ಇರೋದು. ಎರಡು ನಿಮಿಷ ಬಾಡಿಸಿದ್ರೆ ಆ ನೀರೆಲ್ಲಿ ಹೋಗುತ್ತೆ, ಎಲೆ ಮೆತ್ತಗಾಗಿ ನೀರು ಬಿಡೋಕೆ ಶುರು ಮಾಡೋದೇ ಆವಾಗ, ಉಪ್ಪು ಬಿದ್ರಂತೂ ಮುಗೀತು. ಆ ನೀರಿಗೆ ಇಳಿಯೋಕೆ ಕೆಳಗಡೆ ಸ್ಪಂಜಿನ ಥರ ಬ್ರೆಡ್ ಕಾಯ್ತಾ ಇರುತ್ತೆ. ಅದರ ಮೇಲೆ ಬಿಸಿ ಬಿಸಿದು ತಟ್ಟೆ ಮುಚ್ಚಿಟ್ರೆ ಹಬೆ ಬೇರೆ.

ನಮ್ಮ ಹೆಂಗಸರಿಗೆ ಇದನ್ನ ಹೇಳ್ಕೊಡಬೇಕಾಗೇ ಇಲ್ಲ ಸಾರ್, ಅದೇ ನಂಗೆ ಬೇಜಾರು. ಬಸ್ಸಾರು ಮಾಡೋ ಮನೇಲಿ ಹುಟ್ಟಿ ಬೆಳೆದೋರು ನಾವು. ಸೊಪ್ಪು ಕಾಳು ಬೇಯಿಸಿ ಬಸಿದು, ಬಸಿದ ನೀರಿಗೆ ಖಾರ ರುಬ್ಬಿ ಹಾಕಿದ್ರೆ ಸಾರು, ಉಳಿದ ಸೊಪ್ಪಿಗೆ ಬೆಳ್ಳುಳ್ಳಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಪಲ್ಯ. ಹೆಸರಲ್ಲೇ ಇದೆ ಬಸಿಯೋದು. ನನ್ನ ವಾರಗಿತ್ತಿನೂ ವಾರಕ್ಕೆರಡು ಸಲ ಬಸ್ಸಾರು ಮಾಡೋಳೇ. ಆದ್ರೆ ಕ್ರೊಸ್ಟೀನಿ ಅಂತ ಇಟಲಿ ಹೆಸರು ನೋಡಿದ ತಕ್ಷಣ ಕೈಗೆ ಗೊತ್ತಿರೋದನ್ನೆಲ್ಲ ಪಕ್ಕಕ್ಕಿಟ್ಟು ಪೇಪರಲ್ಲಿ ಬರ್ದಿರೋದೇ ಸರಿ ಅನ್ಕೊಂಡುಬಿಟ್ಲು. ನೀವು ‘ಸೊಪ್ಪನ್ನು ಬಸ್ಸಾರಿಗೆ ಬಸಿಯೋ ಹಾಗೆ ಬಸಿದು ಹಿಂಡಿ’ ಅಂತ ಒಂದು ಸಾಲು ಬರೆದಿದ್ರೆ 60 ತುಂಡೂ ಉಳೀತಿತ್ತು.

ಇಟಲೀಲೂ ಇದೇ ಮಾಡೋದು, ಅದನ್ನ ನಾನು ಕಣ್ಣಾರೆ ನೋಡಿದೀನಿ. ನನ್ನ ಮಗಳು ಫ್ಲಾರೆನ್ಸ್‌ನಲ್ಲಿ ಓದ್ತಿದ್ದಾಗ ಅಕ್ಟೋಬರ್‌ನಲ್ಲಿ ಹೋಗಿ ಎರಡು ತಿಂಗಳು ಇದ್ದು ಬಂದೆ. ಮನೆ ಹತ್ರ ಸಾಂತಾಂಬ್ರೋಜೋ ಅಂತ ಮಾರ್ಕೆಟ್ಟು, ನಮ್ಮ ದೇವರಾಜ ಮಾರ್ಕೆಟ್ ಥರಾನೇ ಹಳೇದು, 1873ರದ್ದು, ಕಬ್ಬಿಣದ ಕಂಬದ ಮೇಲೆ ಚಾವಣಿ ನಿಲ್ಸಿದಾರೆ. ಅಲ್ಲಿ ಸೊಪ್ಪಿನ ಅಂಗಡೀಲಿ ಹಸಿ ಸೊಪ್ಪಿನ ಪಕ್ಕದಲ್ಲೇ ಕಡು ಹಸಿರು ಉಂಡೆಗಳನ್ನ ಜೋಡಿಸಿಟ್ಟಿದ್ರು, ನಾನು ಏನೋ ಸಿಹಿ ಅನ್ಕೊಂಡೆ, ತಂಬಿಟ್ಟಿನ ಉಂಡೆ ಸೈಜಿಗಿತ್ತು. ನೋಡಿದ್ರೆ ಬೇಯಿಸಿ ಹಿಂಡಿದ ಸೊಪ್ಪು! ಪಾಲಕ್ ಒಂದು ಉಂಡೆ, ಬೀಟ್‌ರೂಟಿನ ಎಲೆ ಥರದ್ದು ಒಂದು ಉಂಡೆ. ಕೆಲಸಕ್ಕೆ ಹೋಗೋರು ಸಂಜೆ ಎರಡುಂಡೆ ತಗೊಂಡು ಹೋಗಿ ಬೆಳ್ಳುಳ್ಳಿ ಎಣ್ಣೆಲಿ ಬಾಡಿಸ್ಕೊಳ್ತಾರೆ. ಬಸ್ಸಾರಿನ ಸೊಪ್ಪನ್ನ ಅಂಗಡೀಲಿ ಮಾರಿದ ಹಾಗೆ. ಅಷ್ಟು ದೂರ ಹೋಗಿ ನಂಗೆ ಮನೆಯೋರು ಸಿಕ್ಕ ಹಾಗಾಯ್ತು. ರೋಮಲ್ಲೂ ಚಿಕೋರಿಯಾ ಅನ್ನೋ ಕಹಿ ಸೊಪ್ಪನ್ನ ಮೊದಲು ಬೇಯಿಸಿ ಹಿಂಡಿ ಆಮೇಲೆ ಬೆಳ್ಳುಳ್ಳಿ ಒಣಮೆಣಸಿನಕಾಯಿ ಹಾಕಿ ಬಾಣಲೇಲಿ ಇನ್ನೊಂದು ಸುತ್ತು ಬಾಡಿಸ್ತಾರೆ, ಹಸಿ ಸೊಪ್ಪನ್ನ ನೇರ ಬ್ರೆಡ್ ಮೇಲೆ ಹಾಕೋರು ಅಲ್ಲಿ ಯಾರೂ ಸಿಗ್ಲಿಲ್ಲ. ರಾಕೆಟ್ ಎಲೆ ಒಂದು ಬಿಟ್ಟು, ಅದು ಸಾಸಿವೆ ಜಾತಿದು, ಹಸಿಯಾಗೇ ತಿನ್ನೋದು, ಅದನ್ನೂ ತೊಳೆದು ಒಣಗಿಸಿ ತಿನ್ನೋ ಹೊತ್ತಿಗೆ ಮೇಲೆ ಇಡೋದು.

ಮಗಳ ಮನೆ ಕೆಳಗಡೆ ಒಬ್ರು ಅಜ್ಜಿ ಇದ್ರು. ನಂಗೆ ಇಟಾಲಿಯನ್ ಬರಲ್ಲ, ಅವರಿಗೆ ಇಂಗ್ಲಿಷ್ ಬರಲ್ಲ, ಮಗಳು ಕಾಲೇಜಿಗೆ ಹೋದ್ಮೇಲೆ ನಾವಿಬ್ರೂ ಕೈ ಬಾಯಿ ಸನ್ನೆಲೇ ಅಡಿಗೆ ಮಾಡ್ತಿದ್ವಿ. ನವೆಂಬರ್ ತಿಂಗಳು ಅಲ್ಲಿ ಆಲಿವ್ ಕಿತ್ತು ಗಾಣಕ್ಕೆ ಹಾಕೋ ಕಾಲ. ಹೊಸ ಎಣ್ಣೆ ಬಂತು ಅಂದ್ರೆ ನಮ್ಮಲ್ಲಿ ಹೊಸ ಬೆಲ್ಲ ಬಂದ ಹಾಗೆ ಸಡಗರ. ಕಡು ಹಸಿರು, ನುಂಗಿದ್ರೆ ಗಂಟಲಲ್ಲಿ ಕಾಳುಮೆಣಸಿನ ಥರ ಚುರ್ ಅಂತ ಕೆಮ್ಮು ಬರುತ್ತೆ. ಆ ಎಣ್ಣೆಗೋಸ್ಕರಾನೇ ಬ್ರೆಡ್ ಸುಡೋದು. ದಪ್ಪನೆ ಹೋಳು ಕೊಯ್ದು ಗ್ಯಾಸ್ ಮೇಲೆ ಕಬ್ಬಿಣದ ಜಾಲರಿ ಇಟ್ಟು ಎರಡು ಕಡೆ ಕೆಂಪಗೆ ಸುಟ್ಟು, ಒಂದು ಎಸಳು ಹಸಿ ಬೆಳ್ಳುಳ್ಳಿ ತಗೊಂಡು ಬ್ರೆಡ್ ಮೇಲೆ ಉಜ್ಜೋದು. ಸುಟ್ಟ ಬ್ರೆಡ್ ತುರಿಮಣೆ ಥರ ಒರಟಾಗಿರುತ್ತಲ್ಲ, ಬೆಳ್ಳುಳ್ಳಿ ಅದರಲ್ಲಿ ಸವೆದು ಸವೆದು ಒಳಗಿಳಿಯುತ್ತೆ, ನಾಲ್ಕು ಹೋಳಿಗೆ ಒಂದು ಎಸಳು ಮುಗಿಯುತ್ತೆ. ಮೇಲೆ ಎಣ್ಣೆ, ಉಪ್ಪು. ಅಷ್ಟೇ. ಅದಕ್ಕೆ ಫೆತ್ತುಂತಾ ಅಂತ ಹೆಸರು, ಅಂದ್ರೆ ಎಣ್ಣೆ ಹೋಳು. ಅದರ ಮೇಲೆ ಕಪ್ಪು ಕೋಸು ಅಂತಾರೆ ಕಾವೊಲೊ ನೇರೊ, ಉದ್ದುದ್ದ ಎಲೆ, ಮೈಯೆಲ್ಲ ಬೊಬ್ಬೆ ಬೊಬ್ಬೆ, ಅದನ್ನ ಬೇಯಿಸಿ ಹಾಕಿದ್ರೆ ಅದೇ ಒಂದು ಊಟ. ಮಂಜು ಹೆಪ್ಪುಗಟ್ಟೋ ಚಳಿ ಹಿಡಿದ ಮೇಲೆ ಆ ಎಲೆ ಸಿಹಿಯಾಗುತ್ತಂತೆ, ಅದಕ್ಕೆ ಚಳಿಗಾಲಕ್ಕೆ ಕಾಯ್ತಾರೆ.

ಆ ಊರ ಬ್ರೆಡ್‌ಗೆ ಉಪ್ಪೇ ಹಾಕಲ್ಲ ಗೊತ್ತಾ. ಮೊದಲನೇ ದಿನ ತಿಂದಾಗ ಬೇಕರಿಯೋನು ಮರ್ತಿದಾನೆ ಅನ್ಕೊಂಡೆ. ಫ್ಲಾರೆನ್ಸ್ ಇರೋ ತಸ್ಕನಿ ಸೀಮೆ ಕಡೆ ಬ್ರೆಡ್ಡೇ ಹಾಗೆ, 2016ರಲ್ಲಿ ಇದು ಇಂಥ ಸೀಮೆದೇ ಅಂತ ಹೇಳೋ ಯೂರೋಪಿನ ಡಿಓಪಿ ಗುರುತು ಕೂಡ ಸಿಕ್ಕಿದೆ ಅದಕ್ಕೆ, ಉಪ್ಪು ಹಾಕಿದ್ರೆ ಆ ಹೆಸರಲ್ಲಿ ಮಾರೋ ಹಾಗಿಲ್ಲ. ಪಕ್ಕದ ಪೀಸಾ ಊರೋರು ಉಪ್ಪು ಬರೋ ದಾರಿ ಕಟ್ಟಿದ್ರು ಅದಕ್ಕೆ ಹಿಂಗೆ ಅಂತ ಒಂದು ಕಥೆ ಹೇಳ್ತಾರೆ, ಉಪ್ಪಿನ ಮೇಲೆ ತೆರಿಗೆ ಇತ್ತು ಅಂತ ಇನ್ನೊಂದು. ಕಥೆ ಏನಾದ್ರೂ ಇರ್ಲಿ, ಬ್ರೆಡ್ ಸಪ್ಪೆ ಅಂತ ಮೇಲಿನದಕ್ಕೆ ಉಪ್ಪು ಖಾರ ಜಾಸ್ತಿ ಮಾಡ್ತಾರೆ, ನಾವು ಮುದ್ದೆಗೆ ಸಾರು ಖಾರ ಮಾಡ್ಕೊಳ್ಳಲ್ವಾ ಹಾಗೆ. ಇದನ್ನ ಯಾಕೆ ಹೇಳ್ದೆ ಅಂದ್ರೆ ನಿಮ್ಮ ರೆಸಿಪಿಲಿ ಉಪ್ಪಿನ ಅಳತೆ ಬೇರೆ ಜೋರಾಗಿತ್ತು, ನಮ್ಮ ಬ್ರೆಡ್‌ನಲ್ಲಿ ಮೊದಲೇ ಉಪ್ಪಿರುತ್ತೆ, ಸಕ್ಕರೆನೂ ಇರುತ್ತೆ, ಚೀಸ್‌ನಲ್ಲೂ ಉಪ್ಪಿರುತ್ತೆ.

ಅಂದಹಾಗೆ ನೀವು ಪಕ್ಕದ ಬಾಕ್ಸಲ್ಲಿ ‘ಬ್ರುಶೆಟ್ಟಾ’ ಅಂತ ಹಾಕಿದ್ರಿ. ಅದು ಬ್ರುಸ್ಕೆಟ್ಟಾ. ರೋಮ್ ಕಡೆ ಮಾತಲ್ಲಿ ಕೆಂಡದ ಮೇಲೆ ಸುಡೋದಕ್ಕೆ ಬ್ರುಸ್ಕಾರೆ ಅಂತಾರಂತೆ, ಅದರಿಂದ ಬಂದಿದ್ದು. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಕನ್ನಡಕ್ಕೆ ಇಳಿಸಿದ್ರೆ ಹಿಂಗಾಗುತ್ತೆ. ನಮಗೇನು ‘ಕ’ ಇಲ್ವಾ ‘ಶ’ ಇಲ್ವಾ, ಕೇಳಿದ ಹಾಗೆ ಬರೆಯೋ ಭಾಗ್ಯ ಇರೋದು ನಮ್ಮ ಲಿಪಿಗೆ. ಕ್ರೊಸ್ಟೀನಿ ಅಂದ್ರೆ ಸಣ್ಣ ತುಂಡು, ತೆಳ್ಳಗೆ, ಒಂದೆರಡು ಕಚ್ಚಿಗೆ ಮುಗಿಯೋದು, ಬ್ರುಸ್ಕೆಟ್ಟಾ ದೊಡ್ಡ ಹೋಳು. ಊಟಕ್ಕೆ ಮುಂಚೆ ಬಾಯಾಡಿಸೋಕೆ ಕೊಡೋದು ಎರಡನ್ನೂ.

ಇನ್ನು ರಿಕೋಟಾ. ‘ಪನೀರ್ ಮಾಡಿ ಉಳಿದ ನೀರನ್ನು ಮತ್ತೆ ಕುದಿಸಿದರೆ ಮನೆಯಲ್ಲೇ ರಿಕೋಟಾ ಸಿಗುತ್ತದೆ’ ಅಂತ ಬರೆದಿದೀರ. ಸಾರ್, ಯಾರಾದ್ರೂ ಒಂದು ಸಲ ಮಾಡಿ ನೋಡಿ ಬರೆದ್ರಾ ಇದನ್ನ? ವಾರಗಿತ್ತಿ ಮುಕ್ಕಾಲು ಗಂಟೆ ಕುದಿಸಿದ್ಲು, ಪಾತ್ರೆ ತಳದಲ್ಲಿ ಒಂದು ಚಮಚದಷ್ಟು ಚೂರು ಸಿಕ್ತು, ಆಮೇಲೆ ಅಂಗಡಿಗೆ ಓಡಿ ದುಡ್ಡು ಕೊಟ್ಟು ಡಬ್ಬಿ ತಂದ್ಲು. ಮಾತು ಅರ್ಧ ನಿಜ, ಅದಕ್ಕೇ ಡೇಂಜರ್. ಇಟಲೀಲಿ ಚೀಸ್ ಮಾಡೋದು ಹಾಲನ್ನ ಕುದಿಸಿ ಅಲ್ಲ, ಬೆಚ್ಚಗೆ ಮಾಡಿ ರೆನೆಟ್ ಅನ್ನೋ ಹೆಪ್ಪು ಹಾಕಿ ಗಟ್ಟಿ ಮಾಡೋದು. ಹಾಲಿನ ಪ್ರೋಟೀನಲ್ಲಿ ಹೆಚ್ಚುಕಮ್ಮಿ 80 ಭಾಗ ಕೇಸೀನ್ ಅನ್ನೋದು, ಅದು ಮಾತ್ರ ಗಟ್ಟಿಯಾಗಿ ಚೀಸಾಗುತ್ತೆ, ಉಳಿದ 20 ಭಾಗ ನೀರಲ್ಲೇ ಕರಗಿ ಉಳಿಯುತ್ತೆ. ಆ ನೀರನ್ನ 80-90 ಡಿಗ್ರಿಗೆ ಕಾಯಿಸಿದ್ರೆ ಉಳಿದಿದ್ದು ಮೋಡದ ಥರ ತೇಲಿ ಬರುತ್ತೆ, ಅದೇ ರಿಕೋಟಾ. ಹೆಸರಿನ ಅರ್ಥಾನೇ ಮತ್ತೆ ಬೇಯಿಸಿದ್ದು ಅಂತ. ನಾವು ಪನೀರಿಗೆ ಹಾಲನ್ನ ಮೊದಲೇ ಕುದಿಸಿ ನಿಂಬೆರಸ ಹಿಂಡ್ತೀವಿ, ಆ ಕುದಿಗೆ ಆ 20 ಭಾಗದಲ್ಲೂ ಬಹುಪಾಲು ಕೇಸೀನ್‌ಗೆ ಅಂಟ್ಕೊಂಡು ಪನೀರ್ ಜೊತೆಗೇ ಬಂದುಬಿಟ್ಟಿರುತ್ತೆ. ಆಮೇಲೆ ನೀರು ಕುದಿಸಿದ್ರೆ ನೀರೇ ಸಿಗೋದು. ಆ ನೀರು ಚಪಾತಿ ಹಿಟ್ಟು ಕಲಸೋಕೆ ಚೆನ್ನಾಗಿರುತ್ತೆ, ಚೆಲ್ಬೇಡಿ.

ಮನೇಲಿ ರಿಕೋಟಾ ಥರ ಬೇಕು ಅಂದ್ರೆ ನಾನು ಮಾಡೋದು ಹಿಂಗೆ. ಒಂದು ಲೀಟರ್ ಗಟ್ಟಿ ಹಾಲು ಕುದಿ ಬರೋಕೆ ಸ್ವಲ್ಪ ಮುಂಚೆ, ಅಂಚಲ್ಲಿ ಸಣ್ಣ ಗುಳ್ಳೆ ಎದ್ದಾಗ ಆಫ್ ಮಾಡಿ, ಎರಡು ಚಮಚ ನಿಂಬೆರಸಕ್ಕೆ ನೀರು ಬೆರೆಸಿ ಸ್ವಲ್ಪ ಸ್ವಲ್ಪ ಬಿಟ್ಟು ಒಂದೇ ಒಂದು ಸುತ್ತು ತಿರುವಿ ಹತ್ತು ನಿಮಿಷ ಮುಟ್ಟದೆ ಬಿಡೋದು. ಗರಗರ ತಿರುವಿದ್ರೆ ಮುದ್ದೆ ಮುದ್ದೆ ಪನೀರಾಗುತ್ತೆ. ಬಟ್ಟೆಗೆ ಸುರಿದು ಕಾಲು ಗಂಟೆ ಇಪ್ಪತ್ತು ನಿಮಿಷ ತೊಟ್ಟಿಕ್ಕೋಕೆ ಬಿಟ್ರೆ ಸಾಕು, ಮೇಲೆ ಕಲ್ಲು ಗಿಲ್ಲು ಇಡ್ಬೇಡಿ. ಸಾಕಷ್ಟು ಮೆತ್ತಗಿರುತ್ತೆ, ಒಂದು ಚಮಚ ಹಾಲಿನ ಕೆನೆ ಹಾಕಿ ಕೈಯಲ್ಲೇ ನಾದಿದ್ರೆ ಬ್ರೆಡ್ ಮೇಲೆ ಸವರೋ ಹದಕ್ಕೆ ಬರುತ್ತೆ. ಅದೂ ಬೇಡ ಅಂದ್ರೆ ಗಟ್ಟಿ ಮೊಸರನ್ನ ರಾತ್ರಿ ಬಟ್ಟೆಲಿ ಕಟ್ಟಿ ನೇತಾಕಿ, ಅದು ರಿಕೋಟಾ ಅಲ್ಲ, ಆದ್ರೆ ಮೆಂತ್ಯ ಸೊಪ್ಪಿನ ಕಹಿಗೆ ಆ ಹುಳಿ ಒಳ್ಳೆ ಜೋಡಿ.

‘ರಿಕೋಟಾ ಕರಗುವವರೆಗೆ ಓವನ್‌ನಲ್ಲಿಡಿ’ ಅಂತಾನೂ ಬರೆದಿದೀರ. ಅದು ಕರಗಲ್ಲ! ಪನೀರ್ ಯಾವತ್ತಾದ್ರೂ ಮಟರ್ ಪನೀರಲ್ಲಿ ಕರಗಿ ಮಾಯ ಆಗಿದ್ದು ನೋಡಿದೀರಾ? ಶಾಖದಲ್ಲೋ ಹುಳಿಯಲ್ಲೋ ಒಡೆದ ಹಾಲು ಕಾಯಿಸಿದಷ್ಟೂ ನೀರು ಬಿಟ್ಟು ಬಿಗಿಯಾಗುತ್ತೆ. ಕರಗಿ ಎಳೆ ಬರೋದು ರೆನೆಟ್ ಹಾಕಿ ಮಾಡಿದ ಮೊಝ್ಝರೆಲ್ಲಾ ಥರದ್ದು, ಇಲ್ಲಾ ಮಕ್ಕಳು ತಿನ್ನೋ ಪ್ರಾಸೆಸ್ಡ್ ಚೀಸು. ಪಾಪ ಇವಳು ಕರಗುತ್ತೆ ಕರಗುತ್ತೆ ಅಂತ ಓವನ್ ಗಾಜಿಗೆ ಕಣ್ಣಿಟ್ಟು ಕೂತಿದ್ಲಂತೆ, ಬ್ರೆಡ್ ಅಂಚು ಕಪ್ಪಾಗಿದೆ, ನಡುವೆ ಒದ್ದೆಯಾಗಿದೆ, ರಿಕೋಟಾ ಮಾತ್ರ ಇಟ್ಟ ಹಾಗೇ ಕೂತಿದೆ. ರಿಕೋಟಾನ ಬಿಸಿ ಬ್ರೆಡ್ ಮೇಲೆ ತಣ್ಣಗೇ ಸವರೋದು, ಓವನ್ ಯಾಕೆ ಬೇಕು.

ಈಗ ಪಾರ್ಮೆಸಾನ್, ಇಟಲೀಲಿ ಅದರ ಹೆಸರು ಪಾರ್ಮಿಜಾನೊ ರೆಜ್ಜಾನೊ. ಇದನ್ನ ದಯವಿಟ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ರೆಸಿಪಿ ತಲೆ ಮೇಲೆ ಹಸಿರು ಚುಕ್ಕಿ ಹಾಕಿ ‘ಶುದ್ಧ ಸಸ್ಯಾಹಾರಿ’ ಅಂತ ಬರೆದು, ಕೊನೇಲಿ ‘ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ತುರಿದು ಉದುರಿಸಿ’ ಅಂದಿದೀರ. ಆ ಚೀಸ್ ಮಾಡೋ ನಿಯಮದಲ್ಲೇ ಇದೆ, ಹಾಲು, ಉಪ್ಪು, ಕರುವಿನ ರೆನೆಟ್, ಈ ಮೂರೇ. ರೆನೆಟ್ ಅಂದ್ರೆ ಕರುವಿನ ಹೊಟ್ಟೆಯಿಂದ ತೆಗೆಯೋ ಹೆಪ್ಪು. ಗ್ರಾನಾ ಪದಾನೋ ಅನ್ನೋ ಚೀಸಲ್ಲೂ ಕರುವಿನದೇ, ಪೆಕೊರೀನೊ ರೊಮಾನೊ ಅನ್ನೋ ಚೀಸಲ್ಲಿ ಕುರಿಮರಿದು. ತಿನ್ನೋರು ತಿನ್ಲಿ, ನಂದೇನೂ ತಕರಾರಿಲ್ಲ, ಆದ್ರೆ ನನ್ನ ವಾರಗಿತ್ತಿ ಮನೇಲಿ ಮೊಟ್ಟೆ ಹಾಕಿದ ಕೇಕು ಕೂಡ ಹೊಸಿಲು ದಾಟಲ್ಲ, ನಮ್ಮತ್ತೆ ಇರೋದು ಅವಳ ಹತ್ರಾನೇ, 80 ದಾಟಿರೋ ಜೀವ. ಪುಣ್ಯಕ್ಕೆ ಮಂಡ್ಯದ ಅಂಗಡೀಲಿ ಅದು ಸಿಕ್ಕಿಲ್ಲ, ಇವಳು ಡಬ್ಬಿಲಿ ಇದ್ದ ಮಾಮೂಲಿ ಚೀಸೇ ತುರಿದು ಹಾಕಿದಾಳೆ. ಸಿಕ್ಕಿದ್ರೆ? ಪೇಪರಲ್ಲಿ ಹಸಿರು ಚುಕ್ಕಿ ನೋಡಿ ನಂಬಿ ಹಾಕಿರೋಳು. ನಮ್ಮಲ್ಲಿ ತಯಾರಾಗೋ ಚೀಸ್ ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಇರುತ್ತೆ, ಒಳಗೇನು ಹಾಕಿದಾರೆ ಅನ್ನೋ ಸಣ್ಣ ಅಕ್ಷರದಲ್ಲಿ ಮೈಕ್ರೋಬಿಯಲ್ ರೆನೆಟ್ ಅಂತ ಇದ್ರೆ ಅದು ಸೂಕ್ಷ್ಮಜೀವಿಯಿಂದ ತೆಗೆದಿದ್ದು, ಸಸ್ಯಾಹಾರಿಗಳು ನೋಡ್ಕೊಂಡು ತಗೊಂಡ್ರೆ ಆಯ್ತು. ಇದನ್ನ ನಿಮ್ಮ ಪೇಪರ್ ಹೇಳ್ಬೇಕಾದ್ದು, ನಾನಲ್ಲ.

ಬ್ರೆಡ್ ವಿಷಯಕ್ಕೆ ಬರ್ತೀನಿ. ‘ತಾಜಾ ಬಾಗೆಟ್ ಬಳಸಿ’ ಅಂದಿದೀರ. ಬಾಗೆಟ್ ಅನ್ನೋ ಉದ್ದ ಬ್ರೆಡ್ ಫ್ರಾನ್ಸಿಂದು, ಇರ್ಲಿ, ಆದ್ರೆ ತಾಜಾ ಯಾಕೆ? ಈ ತಿಂಡಿ ಇರೋದೇ ಒಣಗಿದ ಹಳೇ ಬ್ರೆಡ್ ಖರ್ಚು ಮಾಡೋಕೆ. ಆ ಅಜ್ಜಿ ಮನೇಲಿ ಇವತ್ತು ತಂದ ಬ್ರೆಡ್ ಇವತ್ತು ಸುಟ್ಟಿದ್ದು ನಾನು ನೋಡೇ ಇಲ್ಲ, ಎರಡು ದಿನದ್ದು ಮೂರು ದಿನದ್ದೇ. ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಚಿತ್ರಾನ್ನ ಕಲಸೋ ಬುದ್ಧಿ ಅದು. ಹಳೇ ಬ್ರೆಡ್ ಗಟ್ಟಿ ಇರೋದ್ರಿಂದ ತೆಳ್ಳಗೆ ಕೊಯ್ಯೋಕೆ ಬರುತ್ತೆ, ಬೇಗ ಗರಿಯಾಗುತ್ತೆ, ಭಾರ ತಡೆಯುತ್ತೆ. ನಮ್ಮ ಊರ ಮಿಲ್ಕ್ ಬ್ರೆಡ್‌ನಲ್ಲೇ ಮಾಡೋದಾದ್ರೂ ಹಿಂದಿನ ದಿನವೇ ತಂದಿಡಿ, ಆದ್ರೆ ಫ್ರಿಜ್ಜಲ್ಲಿಡ್ಬೇಡಿ, ಅಲ್ಲಿ ಹೊರಗಿಗಿಂತ ಬೇಗ ಒರಟಾಗಿ ಪುಡಿಪುಡಿ ಆಗುತ್ತೆ. ನಮ್ಮ ಬ್ರೆಡ್‌ಗೆ ಸಕ್ಕರೆ ಹಾಲು ಇರೋದ್ರಿಂದ ಮೇಲ್ಗಡೆ ಬೇಗ ಕೆಂಪಾಗಿ ಒಳಗಡೆ ಮೆತ್ತಗೇ ಉಳಿಯುತ್ತೆ, ಟೋಸ್ಟರ್‌ನಲ್ಲಿ ಹಾಕಿದೋರಿಗೆಲ್ಲ ಗೊತ್ತು. ಅದಕ್ಕೆ ಅಂಚು ತೆಗೆದು ನಾಲ್ಕು ತುಂಡು ಮಾಡಿ, ಮೊದಲು ಸಣ್ಣ ಉರೀಲಿ ಬರೀ ಕಾವಲಿ ಮೇಲೆ ಎಣ್ಣೆ ಇಲ್ದೆ ಎರಡು ಕಡೆ ಐದೈದು ನಿಮಿಷ ಒಣಗಿಸಿ, ರಸ್ಕ್ ಥರ ತಟ್ಟಿದ್ರೆ ಟಕ್ ಟಕ್ ಅನ್ಬೇಕು, ಆಮೇಲೆ ಕೊನೇಲಿ ಉರಿ ಜೋರು ಮಾಡಿ ಬಣ್ಣ ಬರಿಸಿ. ಎಣ್ಣೆ ಬೆಣ್ಣೆ ಏನಿದ್ರೂ ಆಮೇಲೆ. ಸುಟ್ಟಿದ್ದನ್ನ ಒಂದರ ಮೇಲೊಂದು ಪೇರಿಸ್ಬೇಡಿ, ತನ್ನ ಹಬೆಗೆ ತಾನೇ ಮೆತ್ತಗಾಗುತ್ತೆ, ಜರಡಿ ಮೇಲೆ ಹರಡಿ ಬಿಡಿ.

ಅಯ್ಯಂಗಾರ್ ಬೇಕರಿಲಿ ಬ್ರೆಡ್ ಟೋಸ್ಟ್ ತಿಂದಿರ್ತೀರಲ್ಲ, ಈರುಳ್ಳಿ ಕ್ಯಾರೆಟ್ ಮಸಾಲೆ ಹಾಕಿ ಕೊಡ್ತಾರಲ್ಲ ಅದು. ಆ ಪಲ್ಯ ಪಕ್ಕದಲ್ಲಿ ಬಾಡಿಸಿ ಇಟ್ಟಿರ್ತಾರೆ, ಬ್ರೆಡ್ ಕಾವಲಿ ಮೇಲೆ ಬೆಣ್ಣೆಲಿ ಕೆಂಪಾಗ್ತಿರುತ್ತೆ, ನೀವು ದುಡ್ಡು ಕೊಟ್ಟು ನಿಂತ ಮೇಲೇ ಎರಡನ್ನೂ ಸೇರಿಸಿ ಪೇಪರ್ ಮೇಲೆ ಇಟ್ಟು ಕೈಗೆ ಕೊಡೋದು. ಬೆಳಗ್ಗೆನೇ ಸೇರಿಸಿ ಗಾಜಿನ ಪೆಟ್ಟಿಗೇಲಿ ಇಟ್ಟಿದ್ರೆ ಯಾರು ತಿಂತಿದ್ರು. ಕ್ರೊಸ್ಟೀನಿಗೂ ಅದೇ ಲೆಕ್ಕ, ಬ್ರೆಡ್ ಬೇರೆ ರೆಡಿ, ಸೊಪ್ಪು ಬೇರೆ ರೆಡಿ, ಚೀಸ್ ಬೇರೆ ರೆಡಿ, ಜನ ಚಪ್ಪಲಿ ಬಿಚ್ಚೋ ಸದ್ದು ಕೇಳಿದ ಮೇಲೆ ಜೋಡಿಸೋದು. ಮೊದಲು ರಿಕೋಟಾ ತೆಳ್ಳಗೆ ಸವರಿ, ಅದರಲ್ಲಿರೋ ಜಿಡ್ಡು ಬ್ರೆಡ್‌ಗೂ ಸೊಪ್ಪಿಗೂ ನಡುವೆ ಗೋಡೆ ಥರ ನಿಲ್ಲುತ್ತೆ, ಅದರ ಮೇಲೆ ಸೊಪ್ಪು. ನೀವು ಎರಡನ್ನೂ ಕಲಸಿ ಹಾಕಿಸಿದ್ರಲ್ಲ, ಆ ಗೋಡೆನೇ ಬಿದ್ದೋಯ್ತು.

ಸೊಪ್ಪು ಮಾಡೋದು ಬಸ್ಸಾರಿನ ಪಲ್ಯದ ಹಾಗೇ, ಕಾಳು ತೆಂಗಿನಕಾಯಿ ಬಿಟ್ಟು. ಎರಡು ದೊಡ್ಡ ಕಟ್ಟು ಪಾಲಕ್ ತೊಳೆದು ಕುದಿಯೋ ನೀರಿಗೆ ಹಾಕಿ ಒಂದೇ ನಿಮಿಷ, ತೆಗೆದು ತಣ್ಣೀರಿಗೆ, ಆಮೇಲೆ ಎರಡು ಅಂಗೈ ಮಧ್ಯೆ ಇಟ್ಟು ಹಿಂಡಿ, ಮತ್ತೆ ಹಿಂಡಿ, ಬಟ್ಟೆಲಿ ಕಟ್ಟಿ ಇನ್ನೊಂದು ಸಲ ಹಿಂಡಿ, ಅಷ್ಟು ದೊಡ್ಡ ಕಟ್ಟು ಹಿಡಿಯಷ್ಟಾಗುತ್ತೆ ಅಂತ ಬೇಜಾರಾಗ್ಬೇಡಿ. ಪಾಲಕ್ ತಿಂದ್ರೆ ಹಲ್ಲು ಜೊಮ್ ಅನ್ನುತ್ತಲ್ಲ, ಅದು ಆಕ್ಸಲೇಟ್ ಅನ್ನೋದ್ರಿಂದ, ಬೇಯಿಸಿ ಬಸಿದ ನೀರಲ್ಲಿ ಅದು ಸ್ವಲ್ಪ ಹೋಗುತ್ತೆ, ಹಾಗಾಗಿ ಪಾಲಕ್ ನೀರನ್ನ ನಾನು ಸಾರಿಗೆ ಬಳಸಲ್ಲ, ಗಿಡಕ್ಕೆ ಹಾಕ್ತೀನಿ. ಹಿಂಡಿದ ಸೊಪ್ಪು ಹೆಚ್ಚಿ, ಎಣ್ಣೆಲಿ ಜಜ್ಜಿದ ಬೆಳ್ಳುಳ್ಳಿ ಬಣ್ಣ ತಿರುಗೋಕೆ ಮುಂಚೆ ಒಣಮೆಣಸಿನಕಾಯಿ ಚೂರು ಹಾಕಿ, ಸೊಪ್ಪು ಹಾಕಿ ಬಾಣಲೆ ಚರ್ ಅನ್ನೋದು ನಿಲ್ಲೋವರೆಗೂ ತಿರುವಿ. ಉಪ್ಪು ಕೊನೇಲಿ. ಆಲಿವ್ ಎಣ್ಣೆ ಇದ್ರೆ ಸರಿ, ಇಲ್ದಿದ್ರೆ ಗಾಣದ ಕಡ್ಲೆಕಾಯಿ ಎಣ್ಣೆ, ನಂಗಂತೂ ಅದೇ ಇಷ್ಟ.

ಕೇಲ್ ಅನ್ನೋ ಸೊಪ್ಪು ಬೇಕೇ ಬೇಕು ಅಂತ ಬರೆದಿದ್ರಿ, ಸಿಗದಿದ್ರೆ ಮಾತ್ರ ಪಾಲಕ್ ಅಂತೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಡಬ್ಬಿಲಿ ನಾಲ್ಕೆಲೆ ಇಟ್ಟು ಮಾರೋ ಆ ಕೇಲು, ಅಜ್ಜಿಯ ಕಪ್ಪು ಕೋಸು, ನಮ್ಮ ಎಲೆಕೋಸು, ನವಿಲುಕೋಸು ಎಲ್ಲಾ ಒಂದೇ ಗಿಡದ ಜಾತಿ ಕಣ್ರೀ. ನವಿಲುಕೋಸು ತಂದಾಗ ಗಡ್ಡೆ ಇಟ್ಕೊಂಡು ಎಲೆ ಹಸುವಿಗೆ ಹಾಕ್ತೀವಲ್ಲ, ಎಳೆ ಎಲೆ ಆರಿಸಿ ದಂಟಿನ ನಾರು ತೆಗೆದು ಹತ್ತು ನಿಮಿಷ ಬೇಯಿಸಿ ಹಿಂಡಿ ಬೆಳ್ಳುಳ್ಳಿಲಿ ಬಾಡಿಸಿ ನೋಡಿ. ಫ್ಲಾರೆನ್ಸಿನ ರುಚಿಗೆ ನಂಗೆ ಮೈಸೂರಲ್ಲಿ ಸಿಕ್ಕಿದ್ದರಲ್ಲಿ ತುಂಬಾ ಹತ್ರದ್ದು ಅದೇ, ಇಲ್ಲಿ ಸೊಪ್ಪು ಮಾರೋ ಅಜ್ಜಿ ದುಡ್ಡು ಕೂಡ ತಗೊಳ್ಳಲ್ಲ ಎಲೆಗೆ. ದಂಟಿನ ಸೊಪ್ಪೂ ಆಗುತ್ತೆ, ಕೆಂಪು ದಂಟು ಮಾತ್ರ ಬೇಡ, ರಿಕೋಟಾ ಎಲ್ಲಾ ಗುಲಾಬಿ ಬಣ್ಣ ಆಗಿ ಮಕ್ಕಳು ಸ್ಟ್ರಾಬೆರಿ ಅನ್ಕೊಂಡು ಬಾಯಿಗಿಟ್ಟು ಮುಖ ಹುಳ್ಳಗೆ ಮಾಡ್ತಾರೆ. ಬಸಳೆ ಲೋಳೆ, ಬೇಡವೇ ಬೇಡ. ಸಬ್ಬಸಿಗೆ ಹಿಡಿ ಹಿಡಿ ಹಾಕಿದ್ರೆ ಅದರದ್ದೇ ಘಮ ಆಗೋಗುತ್ತೆ, ಹಸಿದು ಎರಡೆಳೆ ರಿಕೋಟಾದಲ್ಲಿ ಕಲಸಿದ್ರೆ ಸೊಗಸು. ನಮ್ಮ ಕಡೆ ಹೊಲದಲ್ಲಿ ಸಿಗೋ ಬೆರಕೆ ಸೊಪ್ಪು ಇದ್ರೆ ಬೇರೆ ಯಾವುದೂ ಬೇಡ, ತಸ್ಕನಿ ಹಳ್ಳಿಯೋರೂ ಹೊಲದಂಚಲ್ಲಿ ಬೆಳೆದ ಸೊಪ್ಪನ್ನೇ ಕಿತ್ತು ತಂದು ಬೇಯಿಸೋದಂತೆ, ಅಂಗಡೀದಲ್ಲ.

ಹಿಂಗಿರೋ ತಿಂಡಿಗೆ ನೀವು ಬಾಗೆಟ್, ಕೇಲ್, ಅಸಲಿ ಪಾರ್ಮಿಜಾನೊ, ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಅಂತ ಪಟ್ಟಿ ಕೊಟ್ಟು ‘ಅತಿಥಿಗಳನ್ನು ಬೆರಗಾಗಿಸಿ’ ಅಂತ ತಲೆಬರಹ ಹಾಕಿದ್ರಿ. ಲೆಕ್ಕ ಹಾಕಿದ್ರೆ 60 ತುಂಡಿಗೆ ಒಂದು ಚಿಕ್ಕ ಮದುವೆ ಊಟದ ಖರ್ಚು. ಬಡವರು ಒಣಗಿದ ಹಳೇ ಬ್ರೆಡ್ಡಿಗೆ ಎಣ್ಣೆ ಸವರಿ ಹೊಲದ ಸೊಪ್ಪು ಹಾಕ್ಕೊಂಡು ತಿಂದಿದ್ದನ್ನ ಸ್ಟಾರ್ ಹೋಟೆಲ್ ಮೆನುಗೆ ಏರಿಸಿ, ಅಲ್ಲಿಂದ ನಮ್ಮ ಮನೆ ಫ್ರಿಜ್ ಬಾಗಿಲಿಗೆ ಇಳಿಸಿದೀರ, ಮಧ್ಯದಲ್ಲಿ ಅಡಿಗೆಮನೆ ಒಂದು ಬಿಟ್ಟುಹೋಗಿದೆ. ಇಂಗ್ಲಿಷಿಂದ ಎತ್ತಿದ ರೆಸಿಪಿ ಅಂತ ಓದಿದ್ರೇ ಗೊತ್ತಾಗುತ್ತೆ, ‘ಓವನ್ನನ್ನು ಮುಂಚಿತವಾಗಿ ಬಿಸಿ ಮಾಡಿಕೊಳ್ಳಿ’ ಅಂತ ಶುರು ಮಾಡಿದೀರ, ಎಷ್ಟು ಮನೇಲಿದೆ ಓವನ್ನು? ಕಾವಲಿ ಅಂದ್ರೆ ಮುಗೀತಲ್ಲ.

ನನ್ನ ಕೋರಿಕೆ ಎರಡೇ. ಪಾರ್ಮೆಸಾನ್ ಬಗ್ಗೆ ಮುಂದಿನ ಭಾನುವಾರವೇ ತಿದ್ದುಪಡಿ ಹಾಕಿ, ಪುರವಣಿಯ ಮೊದಲನೇ ಪುಟದಲ್ಲಿ, ಕೊನೇ ಪುಟದ ರಾಶಿಭವಿಷ್ಯದ ಕೆಳಗಡೆ ಅಲ್ಲ. ಇನ್ನೊಂದು, ರೆಸಿಪಿ ಹಾಕೋಕೆ ಮುಂಚೆ ನಿಮ್ಮ ಆಫೀಸಲ್ಲಿ ಯಾರಾದ್ರೂ ಒಬ್ರು ಮನೇಲಿ ಮಾಡಿ ತಿಂದು ಅರ್ಧ ಗಂಟೆ ಬಿಟ್ಟು ಹೇಗಿದೆ ಅಂತ ನೋಡಿ. ಫೋಟೋ ತೆಗೆದ ಕ್ಷಣಕ್ಕೆ ಎಲ್ಲಾ ತಿಂಡಿನೂ ಚೆನ್ನಾಗೇ ಇರುತ್ತೆ.

ವಾರಗಿತ್ತಿ ಈ ವಾರ ನವಿಲುಕೋಸಿನ ಎಲೆಲಿ ಮಾಡಿ ನಮ್ಮತ್ತೆಗೂ ಕೊಟ್ಲಂತೆ. ಹಲ್ಲಿಲ್ಲದೋರಿಗೆ ಗರಿಗರಿ ಬ್ರೆಡ್ ಯಾಕೆ ಕೊಟ್ಯೇ ಅಂತ ಬೈಸ್ಕೊಂಡಿದಾಳೆ, ಅದನ್ನ ಸೊಪ್ಪು ಬಸಿದ ನೀರಲ್ಲಿ ನೆನೆಸಿ ಕೊಟ್ರೆ ಪೂರ್ತಿ ತಿಂದ್ರಂತೆ. ನಿಮ್ಮ ರೆಸಿಪಿ ತುಂಡು ಇನ್ನೂ ಫ್ರಿಜ್ ಬಾಗಿಲಲ್ಲೇ ಇದೆ, ಕೆಂಪು ಪೆನ್ನಲ್ಲಿ ಅಡ್ಡಡ್ಡ ‘ಹಿಂಡು’ ಅಂತ ಬರ್ಕೊಂಡಿದಾಳೆ.

ಇತಿ,
ನಿಮ್ಮ ಹಳೇ ಓದುಗಳು,
ಕುವೆಂಪುನಗರ, ಮೈಸೂರು